ಲಾರಿಯ ಸದ್ದು ಮತ್ತು ನಮ್ಮ ಕಿವಿ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು ಮತ್ತು ಕನ್ನಡ ಪಾಠ ಮಾಡುವ ಟೀಚರ್ ಇವತ್ತು ಲಾರಿಯ ಬಗ್ಗೆ ಏಕೆ ಮಾತನಾಡುತ್ತಾರೆ ಎಂದು ತಮಗೆ ಆಶ್ಚರ್ಯವಾಗಬಹುದು. ನಾನು ಸಖರಾಯಪಟ್ಟಣದ ಒಬ್ಬ ಲಾರಿ ಮಾಲೀಕರ ಮಗಳು. ನಾನು ಮೊದಲು ಕಲಿತ ಪಾಠ ಶಾಲೆಯದ್ದಲ್ಲ, ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನದ್ದು. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ತಂದೆಯವರ ಬಳಿ ಒಂದು ಹಳೆಯ ಶಕ್ತಿಮಾನ್ ಲಾರಿ ಇತ್ತು. ಈಗಿನ ಮಕ್ಕಳಿಗೆ ಶಕ್ತಿಮಾನ್ ಎಂದರೆ ಟಿ.ವಿ.ಯ ಧಾರಾವಾಹಿ ನೆನಪಾಗಬಹುದು. ಆದರೆ ಅದಕ್ಕೆ ಬಹಳ ಮೊದಲೇ ಅದು ನಮ್ಮ ಸೈನ್ಯದ ಲಾರಿಯ ಹೆಸರಾಗಿತ್ತು. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿ ಪಡೆದು, 1950ರ ದಶಕದ ಕೊನೆಯಿಂದ 1996ರವರೆಗೆ ಜಬಲ್ಪುರದಲ್ಲಿ ಇದನ್ನು ತಯಾರಿಸಲಾಯಿತು. ಮುಂದಕ್ಕೆ ಚಾಚಿದ ಗುಂಡು ಮೂತಿ, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ. ಆಮೇಲೆ ಅಶೋಕ್ ಲೇಲ್ಯಾಂಡಿನ ಸ್ಟ್ಯಾಲಿಯನ್ ಲಾರಿಗಳು ಬಂದವು, ಹಳೆಯವು ಹರಾಜಿಗೆ ಹೋದವು. ಮಲೆನಾಡಿಗೆ ಮಿಲಿಟರಿ ಗಾಡಿಗಳು ಹೊಸತೇನೂ ಅಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹರಾಜಾದ ಗಾಡಿಗಳ ಕಾಲದಿಂದಲೂ ಕಾಫಿ ತೋಟದವರಿಗೂ ಮರದ ವ್ಯಾಪಾರಿಗಳಿಗೂ ಅವು ಬೇಕಾಗಿದ್ದವು. ಜುಲೈ ತಿಂಗಳ ಕೆಸರಿನಲ್ಲಿ ಬೇರೆ ಲಾರಿ ಹೂತುಹೋಗುವ ಕಡೆ ಇವು ಗೊಣಗುತ್ತಲೇ ಏರಿಬಿಡುತ್ತಿದ್ದವು.

ತಂದೆಯವರು ಕಡೂರು ಕಡೆಯ ಹಳ್ಳಿಗಳಿಂದ ಕೊಟ್ಟಿಗೆ ಗೊಬ್ಬರವನ್ನು ಚಿಕ್ಕಮಗಳೂರಿನ ಮೇಲಿನ ತೋಟಗಳಿಗೆ ಸಾಗಿಸುತ್ತಿದ್ದರು. ಬರುವಾಗ ಸಿಲ್ವರ್ ಓಕ್ ದಿಮ್ಮಿಗಳನ್ನು ತರುತ್ತಿದ್ದರು. ಇಪ್ಪತ್ತು ವರ್ಷ ಎಂಜಿನ್ನಿನ ಪಕ್ಕದಲ್ಲೇ ಕುಳಿತು ಅವರ ಕಿವಿ ಮಂದವಾಗಿತ್ತು. ದಿನಕ್ಕೆ 8 ಗಂಟೆ 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರೆ ಕಿವಿಗೆ ಹಾನಿ ಎಂದು ತಜ್ಞರು ಹೇಳುತ್ತಾರೆ. ಮೊದಲು ಹೋಗುವುದು ಸಣ್ಣ, ತೀಕ್ಷ್ಣ ಸದ್ದುಗಳನ್ನು ಕೇಳುವ ಶಕ್ತಿ. ಹಾಗಾಗಿ ಎಂಜಿನ್ನಿನ ಗುಡುಗು ಅವರಿಗೆ ಕೇಳುತ್ತಿತ್ತು, ಬೇರಿಂಗಿನ ಕೀಚಲು ಕೇಳುತ್ತಿರಲಿಲ್ಲ. ಅದಕ್ಕೆ ನನ್ನನ್ನು ಕರೆಯುತ್ತಿದ್ದರು. ಒಂದು ಕೈಯಲ್ಲಿ ಟಾರ್ಚು ಹಿಡಿದು ನಿಲ್ಲುವುದು ನನ್ನ ಕೆಲಸ. ಅವರದ್ದು ಒಂದೇ ಪ್ರಶ್ನೆ: "ಬೇಟಾ, ಆವಾಜ್ ಎಲ್ಲಿಂದ?" ಹೆಣ್ಣು ಹುಡುಗಿಗೆ ಶೆಡ್ಡಿನಲ್ಲಿ ಏನು ಕೆಲಸ ಎಂದು ನೆಂಟರು ಆಡಿಕೊಂಡರೂ ತಂದೆಯವರಿಗೆ ನನ್ನ ಕಿವಿ ಬೇಕಾಗಿತ್ತು.

ವಿದ್ಯಾರ್ಥಿಗಳೇ, ಗಾಡಿಯ ಸದ್ದನ್ನು ಹುಡುಕುವುದಕ್ಕೆ ಒಂದು ಕ್ರಮವಿದೆ. ಎಲ್ಲಿಂದ ಎಂದು ಕೇಳುವ ಮೊದಲು ಯಾವಾಗ ಎಂದು ಕೇಳಬೇಕು. ಮೊದಲನೆಯ ಪ್ರಶ್ನೆ: ಗಾಡಿ ನಿಂತಾಗಲೂ ಬರುತ್ತದೆಯೇ, ಓಡುವಾಗ ಮಾತ್ರವೇ? ನಿಂತಾಗಲೂ ಬಂದು, ಆಕ್ಸಿಲರೇಟರ್ ಒತ್ತಿದಂತೆ ಹೆಚ್ಚಾದರೆ ಅದು ಎಂಜಿನ್ನಿನ ಕಡೆಯದ್ದು. ಟ್ಯಾಪೆಟ್ ಇರಬಹುದು, ವಾಟರ್ ಪಂಪಿನ ಬೇರಿಂಗ್ ಇರಬಹುದು. ಫ್ಯಾನ್ ಬೆಲ್ಟ್ ತೆಗೆದು ಅರೆ ನಿಮಿಷ ಎಂಜಿನ್ ನಡೆಸಿದಾಗ ಸದ್ದು ನಿಂತರೆ ಬೆಲ್ಟು ತಿರುಗಿಸುವ ಭಾಗಗಳಲ್ಲೇ ಕಳ್ಳ ಇದ್ದಾನೆ. ಎರಡನೆಯ ಪ್ರಶ್ನೆ: ಓಡುವಾಗ ಗೇರನ್ನು ನ್ಯೂಟ್ರಲ್ ಮಾಡಿದರೂ ಇರುತ್ತದೆಯೇ? ಇದನ್ನು ಸಮತಟ್ಟಾದ ಖಾಲಿ ರಸ್ತೆಯಲ್ಲಿ ಮಾತ್ರ ನೋಡಬೇಕು, ಇಳಿಜಾರಿನಲ್ಲಿ ಎಂದಿಗೂ ಅಲ್ಲ. ಆಗಲೂ ಇದ್ದು, ಗಾಡಿಯ ವೇಗದೊಂದಿಗೆ ಏರಿಳಿದರೆ ಅದು ಗಾಲಿಯದ್ದೋ, ಪ್ರೊಪೆಲ್ಲರ್ ಶಾಫ್ಟಿನದ್ದೋ, ಕ್ರೌನ್ ಪಿನಿಯನ್ನಿನದ್ದೋ ಆಗಿರುತ್ತದೆ. ಮೂರನೆಯ ಪ್ರಶ್ನೆ: ನಾವು ಏನು ಮಾಡಿದಾಗ ಬದಲಾಗುತ್ತದೆ? ಕ್ಲಚ್ ತುಳಿದಾಗ ಮಾತ್ರ ಬಂದರೆ ರಿಲೀಸ್ ಬೇರಿಂಗ್. ಬ್ರೇಕ್ ಒತ್ತಿದಾಗ ಬದಲಾದರೆ ಡ್ರಮ್ಮು, ಲೈನರು. ತಿರುವಿನಲ್ಲಿ ಗುರುಗುಟ್ಟುವುದು ಹೆಚ್ಚು ಕಡಿಮೆಯಾದರೆ ಗಾಲಿಯ ಬೇರಿಂಗ್. ಹೊರಡುವಾಗ ಒಮ್ಮೆ 'ಟಕ್' ಎಂದು ಸುಮ್ಮನಾದರೆ ಜಾಯಿಂಟ್ ಕ್ರಾಸ್.

ಇದರ ನಂತರವೇ ಸಲಕರಣೆ. ತಂದೆಯವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಯನ್ನು ನನ್ನ ಕಿವಿಯ ಬಳಿ ಇಡಿಸುತ್ತಿದ್ದರು. ಫ್ಯಾನಿನಿಂದ ದೂರ, ದುಪಟ್ಟಾ ಬಿಗಿದು ಕಟ್ಟಿ. ಲೋಹದ ಮೂಲಕ ಸದ್ದು ಎಷ್ಟು ಸ್ಪಷ್ಟವಾಗಿ ಬರುತ್ತದೆ ಎಂಬುದನ್ನು ಮಾಡಿ ನೋಡಿದವರೇ ಬಲ್ಲರು. 1816ರಲ್ಲಿ ಪ್ಯಾರಿಸಿನಲ್ಲಿ ಲೆನೆಕ್ ಎಂಬ ವೈದ್ಯರು ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದರು, ಸ್ಟೆತೋಸ್ಕೋಪ್ ಹುಟ್ಟಿತು. ಗ್ಯಾರೇಜಿನ ಹುಡುಗ ಸ್ಕ್ರೂಡ್ರೈವರಿಗೆ ಕಿವಿ ಕೊಡುವುದು ಅದೇ ವಿದ್ಯೆ. ಆದರೆ ಡಾಕ್ಟರರಿಗೆ ಸಿಗುವ ಗೌರವ ಅವನಿಗೆ ಸಿಗುವುದಿಲ್ಲ.

ಎಲ್ಲ ಸದ್ದೂ ಪುಸ್ತಕದಂತೆ ನಡೆದುಕೊಳ್ಳುವುದಿಲ್ಲ. ಒಮ್ಮೆ ನಮ್ಮ ಲಾರಿಯಲ್ಲಿ ಏರು ಇಳಿಜಾರುಗಳಲ್ಲಿ ಮಾತ್ರ ಯಾರೋ ನರಳಿದಂತೆ ಸದ್ದು ಬರತೊಡಗಿತು. ಸಮತಟ್ಟಿನಲ್ಲಿ ಏನೂ ಇಲ್ಲ. ಅಯ್ಯನಕೆರೆಯ ಹಿಂದೆ ಶಕುನಗಿರಿ ಬೆಟ್ಟ ಇದೆಯಲ್ಲ, ಡ್ರೈವರ್ ಅದನ್ನು ನೋಡಿ ಇದು ಅಪಶಕುನ ಎಂದ. ಮೂರು ವಾರ ಬೇರಿಂಗು, ಕಮಾನು ಎಲ್ಲ ಬಿಚ್ಚಿ ನೋಡಿದ್ದಾಯಿತು. ಕೊನೆಗೆ ನಾನು ಬಾಗಿಲು ಬಡಿದಾಗ ಒಳಗೆ ಏನೋ ಉರುಳಿತು. ಬಾಗಿಲಿನ ಟೊಳ್ಳಿನಲ್ಲಿ ಎಂದೋ ಬಿದ್ದುಹೋದ ಒಂದು ಬೋಲ್ಟು! ಗಾಡಿ ಬಾಗಿದಂತೆಲ್ಲ ಅದು ತಗಡಿನ ಮೇಲೆ ಉಜ್ಜಿಕೊಂಡು ಉರುಳುತ್ತಿತ್ತು. ಅಪಶಕುನದ ಬೆಲೆ ಎರಡು ರೂಪಾಯಿ ಎಂದು ತಂದೆಯವರು ನಕ್ಕರು.

ಭಾಷಾ ಶಿಕ್ಷಕಿಯಾಗಿ ಇಲ್ಲಿ ಒಂದು ಮಾತು. ಆ ಶೆಡ್ಡಿನಲ್ಲಿ ಉರ್ದು ಮತ್ತು ಕನ್ನಡಕ್ಕೆ ಗೋಡೆ ಇರಲಿಲ್ಲ. ಲಾರಿಯ ಸ್ಪ್ರಿಂಗಿಗೆ ನಾವೆಲ್ಲ ಕಮಾನು ಎನ್ನುತ್ತೇವೆ. ಅದು ಬಿಲ್ಲು ಎಂಬ ಅರ್ಥದ ಪಾರಸಿ ಪದ, ಬಾಗಿದ ಪಟ್ಟಿಗೆ ಎಷ್ಟು ಸರಿಯಾದ ಹೆಸರು ನೋಡಿ. ದುರಸ್ತಿ ಬಂದದ್ದು ಪಾರಸಿಯಿಂದ, ಮರಾಮತ್ತು ಅರಬಿಯಿಂದ. ಬಿಚ್ಚು, ಬಿಗಿ ಎಂಬುವು ಅಚ್ಚ ಕನ್ನಡ. ಒಂದೇ ವಾಕ್ಯದಲ್ಲಿ ಇವೆಲ್ಲ ಜಗಳವಾಡದೆ ಕೆಲಸ ಮಾಡುತ್ತವೆ. ತಂದೆಯವರು ಗಾಡಿಯ ಲೆಕ್ಕವನ್ನು ಉರ್ದುವಿನಲ್ಲಿ ಬರೆಯುತ್ತಿದ್ದರು. ಡ್ರೈವರಿಗೆ ಓದಲು ಅದನ್ನೇ ನಾನು ಕನ್ನಡದಲ್ಲಿ ಬರೆದಿಡುತ್ತಿದ್ದೆ. ನನ್ನ ಮೊದಲ ಅನುವಾದ ಅದೇ.

ಆ ಪುಸ್ತಕದಲ್ಲಿದ್ದುದೇ ಹಳೆಯ ಗಾಡಿಯ ಆಯುಷ್ಯದ ಗುಟ್ಟು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಆಯಿಲ್ ಮತ್ತು ರೇಡಿಯೇಟರಿನ ನೀರು ನೋಡುವುದು. ವಾರಕ್ಕೊಮ್ಮೆ ಎಲ್ಲ ನಿಪ್ಪಲ್‌ಗಳಿಗೂ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸ ಗ್ರೀಸ್ ಒತ್ತುವುದು. ಡೀಸೆಲ್ ಫಿಲ್ಟರಿನ ತಳದ ನೀರು ಬಿಡುವುದು. ಡಾಂಬರು ರಸ್ತೆಗೆ ಬಂದ ಕೂಡಲೇ ಮುಂದಿನ ಆಕ್ಸಲ್ಲಿನ ಜೋಡಣೆ ತೆಗೆಯುವುದು, ಇಲ್ಲದಿದ್ದರೆ ತಿರುವುಗಳಲ್ಲಿ ಹಿಂದಿನ ಮುಂದಿನ ಗಾಲಿಗಳು ಒಂದನ್ನೊಂದು ಎಳೆದಾಡಿ ಹಲ್ಲುಗಳು ಸವೆಯುತ್ತವೆ. ಗಾಲಿ ಬಿಚ್ಚಿ ಹಾಕಿದ ಮೇಲೆ 50-100 ಕಿ.ಮೀ. ಓಡಿಸಿ ನಟ್ಟುಗಳನ್ನು ಮತ್ತೆ ಬಿಗಿಯುವುದು.

ಈ ಕೊನೆಯ ಸಾಲಿನ ಬಗ್ಗೆ ನಾನು ಹೇಳಲೇಬೇಕು. ಇದನ್ನು ವೇದಿಕೆಯ ಮೇಲೆ ಹೇಳುತ್ತಿರುವುದು ಇದೇ ಮೊದಲು.

ಆಗ ನಾನು ಏಳನೆಯ ತರಗತಿಯಲ್ಲಿದ್ದೆ. ಒಂದು ಸಂಜೆ ಪಂಕ್ಚರ್ ಆಗಿದ್ದ ಗಾಲಿ ಹಾಕಿ ತಂದೆಯವರು ಲಾರಿಯನ್ನು ನಿಧಾನವಾಗಿ ಮುಂದೆ ಹಿಂದೆ ಓಡಿಸಿದರು. "ಏನಾದರೂ ಕೇಳುತ್ತಾ?" ಎಂದರು. ಕೇಳಿತು. 'ಟಿಕ್... ಟಿಕ್...' ಎಂದು ಬಹಳ ಸಣ್ಣಗೆ. ಆದರೆ ನನಗೆ ಮರುದಿನ ಪರೀಕ್ಷೆ, ಹಸಿವು, ಸೊಳ್ಳೆ. ಹೇಳಿದರೆ ಇನ್ನೊಂದು ಗಂಟೆ ಟಾರ್ಚು ಹಿಡಿಯಬೇಕು. "ಏನೂ ಇಲ್ಲ ಅಬ್ಬಾ" ಎಂದೆ. ಅವರು ನನ್ನ ಕಿವಿಯನ್ನು ನಂಬಿದರು.

ಮರುದಿನ ಲೋಡು ಹಾಕಿಕೊಂಡು ಹೋಗುವಾಗ ಆ ಗಾಲಿಯ ನಟ್ಟುಗಳು ಕಳಚಿ, ಸ್ಟಡ್ಡುಗಳು ತುಂಡಾಗಿ ಗಾಲಿ ಹೊರಬಂತು. ವೇಗ ಕಡಿಮೆ ಇದ್ದುದರಿಂದ ಲಾರಿ ಮೋರಿಗೆ ಒರಗಿ ನಿಂತಿತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ, ಅಲ್ ಹಮ್ದುಲಿಲ್ಲಾಹ್. ಆದರೆ ಕ್ಲೀನರ್ ಹುಡುಗನ ಕೈ ಮುರಿಯಿತು. ನನಗಿಂತ ಎರಡೇ ವರ್ಷ ದೊಡ್ಡವನು. ಎಂಟನೆಯ ತರಗತಿಗೆ ಶಾಲೆ ಬಿಟ್ಟಿದ್ದ. ರಜೆ ಮುಗಿದ ಮೇಲೆ ಅವನನ್ನು ಮತ್ತೆ ಶಾಲೆಗೆ ಸೇರಿಸಬೇಕೆಂದು ಅವನ ತಾಯಿ ಅಂದುಕೊಂಡಿದ್ದರಂತೆ. ಕೈಗೆ ಖರ್ಚಾದ ಮೇಲೆ ಆ ಮಾತು ಮತ್ತೆ ಬರಲಿಲ್ಲ. ಚಿಕಿತ್ಸೆಯ ಹಣ ತಂದೆಯವರೇ ಕೊಟ್ಟರು. ಶಾಲೆಯ ವರ್ಷಗಳನ್ನು ಯಾರು ಕೊಡುತ್ತಾರೆ?

ಒಂದು ವಾರದ ನಂತರ ತಂದೆಯವರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. ಸಣ್ಣ ಸುತ್ತಿಗೆ ಕೊಟ್ಟು, ಒಂದೊಂದು ನಟ್ಟನ್ನೂ ತಟ್ಟಿಸಿದರು. ಬಿಗಿಯಾದದ್ದು 'ಟಣ್' ಎನ್ನುತ್ತದೆ, ಸಡಿಲವಾದದ್ದು 'ಡಬ್' ಎನ್ನುತ್ತದೆ. ಹಿಂದೆ ರೈಲ್ವೆಯಲ್ಲಿಯೂ ಗಾಲಿಗಳನ್ನು ಹೀಗೆ ಸುತ್ತಿಗೆಯಿಂದ ತಟ್ಟಿ ಬಿರುಕು ಪತ್ತೆ ಹಚ್ಚುತ್ತಿದ್ದರು. "ತಪ್ಪು ನಿನ್ನೊಬ್ಬಳದ್ದಲ್ಲ. ನಾನು ಸ್ಪ್ಯಾನರಿನಿಂದ ನೋಡಬೇಕಿತ್ತು, ಮಗುವಿನ ಕಿವಿಯ ಮೇಲೆ ಬಿಡಬಾರದಿತ್ತು. ಆದರೆ ಕೇಳಿದ್ದನ್ನು ಕೇಳಿಲ್ಲ ಎನ್ನಬೇಡ" ಎಂದರು. ಅಂದು ರಾತ್ರಿಯೇ ಪುಸ್ತಕದಲ್ಲಿ ಆ ಸಾಲು ಸೇರಿತು, ಉರ್ದುವಿನಲ್ಲಿ ಅವರ ಕೈಬರಹ, ಕನ್ನಡದಲ್ಲಿ ನನ್ನದು.

ಆ ಹುಡುಗ ಇಂದು ಸ್ವಂತ ಗ್ಯಾರೇಜು ಇಟ್ಟಿದ್ದಾನೆ. ಗಾಡಿ ಗೇಟಿನೊಳಗೆ ಬರುವಾಗಲೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲ. ಆದರೆ ಕೆಲವು ತಿಂಗಳ ಹಿಂದೆ ಫೋನು ಮಾಡಿ, "ಟೀಚರ್, ಆವಾಜ್ ನನಗೆ ತಿಳಿಯುತ್ತೆ. ಈ ಮೆಷಿನ್ ಬರೆಯೋದು ತಿಳಿಯಲ್ಲ" ಎಂದ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಗಾಡಿಗಳಲ್ಲಿ ಎಲ್ಲ ಕಡೆಯೂ ಸೆನ್ಸರ್‌ಗಳು. ದೋಷವನ್ನು ಸ್ಕ್ಯಾನರ್ ಸಂಕೇತಗಳಲ್ಲಿ, ಇಂಗ್ಲಿಷಿನಲ್ಲಿ ತೋರಿಸುತ್ತದೆ. ಪರದೆಯ ಫೋಟೋ ಕಳಿಸುತ್ತಾನೆ, ನಾನು ಓದಿ ಹೇಳುತ್ತೇನೆ. ಹಾಗೆ ಓದಿ ಹೇಳುವಾಗಲೆಲ್ಲ ಆ ಸಂಜೆಯ 'ಟಿಕ್' ನನಗೆ ಕೇಳುತ್ತದೆ.

ಪೋಷಕರೇ, 2006ರ ಸಾಚಾರ್ ಸಮಿತಿಯ ವರದಿ ನಮ್ಮ ಸಮುದಾಯದ 6ರಿಂದ 14 ವರ್ಷದ ಮಕ್ಕಳಲ್ಲಿ ಶೇಕಡ 25ರಷ್ಟು ಶಾಲೆಯನ್ನೇ ಕಾಣದವರು ಅಥವಾ ನಡುವೆ ಬಿಟ್ಟವರು ಎಂದು ಹೇಳಿತ್ತು. ಅದಾದ ಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. ಆದರೂ ಗಂಡುಮಕ್ಕಳು ಎಂಟು, ಒಂಬತ್ತಕ್ಕೆ ಪುಸ್ತಕ ಇಟ್ಟು ಸ್ಪ್ಯಾನರ್ ಹಿಡಿಯುವುದನ್ನು ನನ್ನ ತರಗತಿಯಲ್ಲೇ ನೋಡುತ್ತಿದ್ದೇನೆ. ಗ್ಯಾರೇಜು ಕೀಳು ಎಂದು ನಾನು ಹೇಳುವುದಿಲ್ಲ, ನಾನು ಅದರ ಅನ್ನ ಉಂಡವಳು. ಆದರೆ ಎಸ್.ಎಸ್.ಎಲ್.ಸಿ. ಮುಗಿಸಲಿ, ಐ.ಟಿ.ಐ.ನಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ಅಥವಾ ಒಂದು ವರ್ಷದ ಡೀಸೆಲ್ ಮೆಕ್ಯಾನಿಕ್ ತರಬೇತಿ ಪಡೆಯಲಿ. ಹೆಣ್ಣುಮಕ್ಕಳಿಗೆ ಇಷ್ಟವಿದ್ದರೆ ಅವರೂ ಹೋಗಲಿ. ಕಿವಿಯ ವಿದ್ಯೆಗೆ ಕಣ್ಣಿನ ವಿದ್ಯೆಯೂ ಸೇರಿದರೆ ಆ ಮಗುವಿಗೆ ಯಾರೂ ಓದಿ ಹೇಳಬೇಕಾಗಿಲ್ಲ.

ಶಿಕ್ಷಕ ಮಿತ್ರರೇ, ಶಾಲೆ ಬಿಡುವ ಮಗು ಒಂದೇ ದಿನದಲ್ಲಿ ಬಿಡುವುದಿಲ್ಲ. ಸೋಮವಾರ ಗೈರು, ಹಾಜರಿ ಕೂಗಿದಾಗ ತಗ್ಗಿದ ದನಿ, ಉಗುರಿನಲ್ಲಿ ಗ್ರೀಸಿನ ಕಪ್ಪು. ಅದು ಗಾಲಿ ಕಳಚುವ ಮೊದಲಿನ 'ಟಿಕ್'. ನಮಗೂ ಆಗ ಸುಸ್ತಾಗಿರುತ್ತದೆ, ಮನೆಗೆ ಹೋಗಬೇಕಿರುತ್ತದೆ. ಅಂಥ ಸಂಜೆಯಲ್ಲಿ "ಏನೂ ಇಲ್ಲ" ಎಂದು ಬಿಡದಿರೋಣ. ಅವನ ಮನೆಯವರೆಗೆ ಒಮ್ಮೆ ಹೋಗಿ ಬರೋಣ.

ನಮ್ಮ ಲಾರಿ ಈಗ ಇಲ್ಲ. ಪುಸ್ತಕ ಮತ್ತು ಸುತ್ತಿಗೆ ನನ್ನ ಬಳಿ ಇವೆ.