ಕೇಳದೆ ಬಂದ ಟಿಕೆಟ್

(ಸುವರ್ಣ ಮಹೋತ್ಸವದ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಚುನಾವಣೆ ಬಂತೆಂದರೆ ನಮ್ಮ ಅರಳಿಕಟ್ಟೆಯಲ್ಲಿ ಮೊದಲು ಕೇಳುವ ಮಾತು, 'ಟಿಕೆಟ್ ಯಾರಿಗಂತೆ?' 1880ರ ಜೂನ್‌ನಲ್ಲಿ ಅಮೆರಿಕದವರೂ ಇದನ್ನೇ ಕೇಳುತ್ತಿದ್ದರು. ಅದು ಮೇಷ್ಟರೊಬ್ಬರ ಕಥೆಯೂ ಹೌದು, ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ.

ಜೇಮ್ಸ್ ಗಾರ್‌ಫೀಲ್ಡ್ ಬಡವರ ಮಗ. ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿದವರು. ಓಹಿಯೋದ ಹೈರಮ್ ಎಂಬ ಊರಿನ ಶಾಲೆಯಲ್ಲಿ ಕಸ ಗುಡಿಸಿ ಓದಿದರು; ಮುಂದೆ ಅದೇ ಶಾಲೆಗೆ ಮುಖ್ಯಸ್ಥರಾದರು.

ರಿಪಬ್ಲಿಕನ್ ಪಕ್ಷದ ಸಮಾವೇಶ ಶಿಕಾಗೋದಲ್ಲಿ ಸೇರಿತು. ರಾಜ್ಯ ರಾಜ್ಯಗಳಿಂದ ಬಂದ 756 ಪ್ರತಿನಿಧಿಗಳು; ಗೆಲ್ಲಲು 379 ಮತ ಬೇಕು. ಬಹುಮತ ಬರುವ ತನಕ ಮತ್ತೆ ಮತ್ತೆ ಮತ ಹಾಕುವುದು ಪದ್ಧತಿ. ಮೊದಲ ಸುತ್ತಿನಲ್ಲಿ ಮಾಜಿ ಅಧ್ಯಕ್ಷ ಗ್ರಾಂಟ್‌ಗೆ 304, ಬ್ಲೇನ್‌ಗೆ 284, ಶರ್ಮನ್‌ಗೆ 93. ಗಾರ್‌ಫೀಲ್ಡ್ ಹೋಗಿದ್ದದ್ದು ಶರ್ಮನ್ ಹೆಸರು ಸೂಚಿಸಲು. ತಮಗಾಗಿ ಅಲ್ಲ.

ಗ್ರಾಂಟ್ ಪರವಾಗಿದ್ದ ನ್ಯೂಯಾರ್ಕಿನ ನಾಯಕ ಕಾಂಕ್ಲಿಂಗ್, ಒಂದು ರಾಜ್ಯದ ಮತವೆಲ್ಲ ಅಲ್ಲಿಯ ಹೆಚ್ಚಿನವರು ಹೇಳಿದ ಕಡೆಗೇ ಬೀಳಬೇಕೆಂದು ಹಟ ಹಿಡಿದಿದ್ದರು. ನಿಯಮಗಳ ಸಮಿತಿಯ ಅಧ್ಯಕ್ಷರಾಗಿದ್ದ ಗಾರ್‌ಫೀಲ್ಡ್ ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ನನಗೆ ಇಡೀ ಕಥೆಯಲ್ಲಿ ದೊಡ್ಡದಾಗಿ ಕಾಣುವುದು ಇದೇ. ಅಲ್ಲಿ ಸೋತಿದ್ದರೆ ಟಿಕೆಟ್ ಆಗಲೇ ಗ್ರಾಂಟ್ ಪಾಲಾಗುತ್ತಿತ್ತೇನೋ.

ಸುತ್ತುಗಳು ಉರುಳಿದವು. ಯಾರೂ ಜಗ್ಗಲಿಲ್ಲ. 34ನೇ ಸುತ್ತಿನಲ್ಲಿ ವಿಸ್ಕಾನ್ಸಿನ್ ತನ್ನ 16 ಮತಗಳನ್ನು ಇದ್ದಕ್ಕಿದ್ದಂತೆ ಗಾರ್‌ಫೀಲ್ಡ್‌ಗೆ ಹಾಕಿತು. ಅವರು ಎದ್ದು, ನನ್ನ ಒಪ್ಪಿಗೆ ಇಲ್ಲದೆ ನನ್ನ ಹೆಸರಿಗೆ ಮತ ಹಾಕುವ ಹಕ್ಕಿಲ್ಲ ಎಂದು ಆಕ್ಷೇಪಿಸಿದರು. ಸಭಾಧ್ಯಕ್ಷ ಹೋರ್ ಅವರನ್ನು ಕೂರಿಸಿಬಿಟ್ಟರು! 36ನೇ ಸುತ್ತಿಗೆ ಗಾರ್‌ಫೀಲ್ಡ್‌ಗೆ 399. ಗ್ರಾಂಟ್ ಕಡೆಯ 306 ಜನ ಕೊನೆಗೂ ಕದಲಲಿಲ್ಲ.

ಮುನಿಸಿಕೊಂಡವರನ್ನು ಸಮಾಧಾನಪಡಿಸಬೇಕಲ್ಲ? ಉಪಾಧ್ಯಕ್ಷ ಟಿಕೆಟ್ ಕಾಂಕ್ಲಿಂಗ್ ಬಣದ ಚೆಸ್ಟರ್ ಆರ್ಥರ್‌ಗೆ ಹೋಯಿತು. ನಾಯಕರ ಹಿಂಬಾಲಕರಿಗೆ ಸರ್ಕಾರಿ ನೌಕರಿ ಹಂಚುವುದರಲ್ಲಿ ಹೆಸರಾಗಿದ್ದ ಬಣ ಅದು.

ಗಾರ್‌ಫೀಲ್ಡ್ ಗೆದ್ದರು. ಆದರೆ ಅಧಿಕಾರ ವಹಿಸಿದ ನಾಲ್ಕೇ ತಿಂಗಳಿಗೆ, 1881ರ ಜುಲೈ 2ರಂದು, ನೌಕರಿ ಕೇಳಿ ಸಿಗದೆ ಅಲೆಯುತ್ತಿದ್ದ ಗಿಟೋ ಎಂಬಾತ ಅವರಿಗೆ ಗುಂಡು ಹೊಡೆದ. ಸೆಪ್ಟೆಂಬರ್ 19ಕ್ಕೆ ತೀರಿಕೊಂಡರು.

ಆರ್ಥರ್ ಅಧ್ಯಕ್ಷರಾದರು. ಇನ್ನು ಹಂಚಿಕೆಯ ಸುಗ್ಗಿಯೇ ಎಂದು ಅವರ ಬಣದವರು ಕಾದಿದ್ದರೆ ಆಶ್ಚರ್ಯವಿಲ್ಲ. 1883ರ ಜನವರಿಯಲ್ಲಿ ಪೆಂಡಲ್‌ಟನ್ ಕಾಯ್ದೆಗೆ ಸಹಿ ಹಾಕಿದವರು ಅದೇ ಆರ್ಥರ್. ಕೆಲವು ಸರ್ಕಾರಿ ಹುದ್ದೆಗಳಿಗೆ ಇನ್ನು ಮುಂದೆ ಸ್ಪರ್ಧಾ ಪರೀಕ್ಷೆ ಬರೆದೇ ಬರಬೇಕೆಂದಿತು ಆ ಕಾಯ್ದೆ. ಹಾಗೆ ಪರೀಕ್ಷೆ ಬರೆದು ನೌಕರಿ ಹಿಡಿದವರು ಈ ಪೆಂಡಾಲಿನಲ್ಲೂ ಬೇಕಾದಷ್ಟು ಮಂದಿ ಕೂತಿದ್ದೀರಿ.

ಊಟಕ್ಕೆ ಹೊತ್ತಾಯಿತು.