ಆಂಟಿಬಯಾಟಿಕ್ ಬಿದ್ದ ಮೇಲೆ ಉಳಿಯುವವು ಯಾವುವು?



ಕೃಷಿ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ಒಮ್ಮೆ ಕೊಪ್ಪಳ ಜಿಲ್ಲೆಯ ಸಿದ್ದಾಪುರಕ್ಕೆ ಹೋಗಿದ್ದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆಯುವ ಭತ್ತದ ನಾಡು ಅದು. ರೈತರೊಬ್ಬರು ಬದುವಿನ ಮೇಲೆ ಕುಳಿತು ಸಣ್ಣ ಪೊಟ್ಟಣದ ಪುಡಿಯನ್ನು ಬಕೆಟ್ಟಿನ ನೀರಿಗೆ ಕದಡುತ್ತಿದ್ದರು. ಭತ್ತದ ಎಲೆಯನ್ನು ಅಂಚಿನಿಂದ ಒಣಗಿಸುವ ದುಂಡಾಣು ಅಂಗಮಾರಿ ರೋಗಕ್ಕೆ ಅದು ಔಷಧ. ಪೊಟ್ಟಣದ ಮೇಲಿದ್ದ ಹೆಸರುಗಳು ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ಚಿಕಿತ್ಸೆಗೆ ಬಂದ ಆಂಟಿಬಯಾಟಿಕ್‌ಗಳೇ. 1943ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆತ ಸ್ಟ್ರೆಪ್ಟೋಮೈಸಿನ್ ಕ್ಷಯರೋಗವನ್ನು ಮಣಿಸಿದ ಮೊದಲ ಆಂಟಿಬಯಾಟಿಕ್.

ಪಕ್ಕದಲ್ಲಿದ್ದ ಅವರ ಮಗಳು, ಕಾಲೇಜು ವಿದ್ಯಾರ್ಥಿನಿ, ನನ್ನನ್ನು ಕೇಳಿದಳು: "ಸರ್, ಔಷಧಿ ಹೊಡದ್ರ ರೋಗಾಣು ಸಾಯ್ತಾವ ಅಂತೀರಿ. ಹಂಗಾದ್ರ ಮತ್ತ ಎಲ್ಲಿಂದ ಬರ್ತಾವ್ರಿ?"

ವಿಜ್ಞಾನದ ಪದವೀಧರನಾದ ನಾನು ಅಂದು ಏನೋ ಹೇಳಿ ಜಾರಿಕೊಂಡೆ. ಅವಳ ಪ್ರಶ್ನೆಗೆ ವಿವರವಾದ ಉತ್ತರ ನನಗೆ ಸಿಕ್ಕಿದ್ದು ಗದ್ದೆಯಲ್ಲಲ್ಲ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ರೋಗದ ಅಧ್ಯಯನಗಳಲ್ಲಿ. ಅದನ್ನೇ ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಸಿಸ್ಟಿಕ್ ಫೈಬ್ರೋಸಿಸ್ ಹುಟ್ಟಿನಿಂದಲೇ ಬರುವ ಆನುವಂಶಿಕ ರೋಗ. ಇದಕ್ಕೆ ಕಾರಣವಾದ, ನಮ್ಮ 7ನೆಯ ವರ್ಣತಂತುವಿನಲ್ಲಿರುವ ಜೀನ್ 1989ರಲ್ಲಿ ಪತ್ತೆಯಾಯಿತು. ಜೀವಕೋಶದ ಪೊರೆಯ ಮೂಲಕ ಉಪ್ಪಿನ ಅಂಶವಾದ ಕ್ಲೋರೈಡನ್ನು ಸಾಗಿಸುವ ಒಂದು ಪ್ರೋಟೀನನ್ನು ಈ ಜೀನ್ ರೂಪಿಸುತ್ತದೆ. ಅದು ಕೆಟ್ಟರೆ ಉಪ್ಪು ಸಾಗದು. ಉಪ್ಪಿನ ಹಿಂದೆ ಹೋಗಬೇಕಾದ ನೀರೂ ಸಾಗದು. ಶ್ವಾಸನಾಳದ ತೆಳು ಲೋಳೆ ಅಂಟಿನಂತೆ ಗಟ್ಟಿಯಾಗುತ್ತದೆ. ಕಾಲುವೆಯಲ್ಲಿ ನೀರು ಹರಿಯುತ್ತಿರುವಾಗ ಕಸ ತಾನಾಗಿ ಸಾಗಿಹೋಗುತ್ತದೆ. ನೀರು ನಿಂತರೆ ಕೆಸರು ಉಳಿಯುತ್ತದೆ, ಪಾಚಿ ಬೆಳೆಯುತ್ತದೆ. ಈ ಮಕ್ಕಳ ಎದೆಯಲ್ಲಿ ಆಗುವುದೂ ಅದೇ. ಉಸಿರಿನೊಡನೆ ಒಳಹೊಕ್ಕ ಬ್ಯಾಕ್ಟೀರಿಯಾಗಳು ಹೊರಬೀಳದೆ ಅಲ್ಲೇ ಬೀಡುಬಿಡುತ್ತವೆ.

ಬಾಲ್ಯದಲ್ಲಿ ಸಾಮಾನ್ಯವಾಗಿ ಸ್ಟೆಫೈಲೋಕಾಕಸ್, ಹೀಮೋಫಿಲಸ್ ಮುಂತಾದವು ಕಾಣಿಸುತ್ತವೆ. ವಯಸ್ಸು ಏರಿದಂತೆ, ಮಣ್ಣು ಮತ್ತು ನೀರಿನಲ್ಲಿ ಸಹಜವಾಗಿರುವ ಸ್ಯೂಡೋಮೋನಾಸ್ ಎರುಜಿನೋಸ ಬಂದು ನೆಲೆಸುತ್ತದೆ. ಬಹುಕಾಲ ವೈದ್ಯರು ತಿಳಿದಿದ್ದುದು ಇಷ್ಟನ್ನೇ. ಏಕೆಂದರೆ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಮಾತ್ರ ಅವರಿಗೆ ಕಾಣುತ್ತಿದ್ದವು. ಕಫದಲ್ಲಿರುವ ಡಿಎನ್ಎಯನ್ನೇ ಓದುವ ವಿಧಾನ ಬಂದ ಮೇಲೆ ಬೇರೆಯೇ ಚಿತ್ರ ಮೂಡಿತು. ಗಾಳಿ ತಾಗಿದರೆ ಸಾಯುವ ಪ್ರಿವೊಟೆಲ್ಲದಂತಹ ಬ್ಯಾಕ್ಟೀರಿಯಾಗಳೂ ಸೇರಿ ಅಲ್ಲಿ ಒಂದು ಊರೇ ಇತ್ತು!

ಈಗ ಈ ಊರಿನ ಮೇಲೆ ಆಂಟಿಬಯಾಟಿಕ್ ಬಿದ್ದಾಗ ಏನಾಗುತ್ತದೆ ನೋಡೋಣ. ಸ್ಯೂಡೋಮೋನಾಸ್ ವಿರುದ್ಧ ಹೆಚ್ಚಾಗಿ ಬಳಸುವ ಟೋಬ್ರಾಮೈಸಿನ್, ಸಿದ್ದಾಪುರದ ಪೊಟ್ಟಣದಲ್ಲಿದ್ದ ಸ್ಟ್ರೆಪ್ಟೋಮೈಸಿನ್‌ನ ಹತ್ತಿರದ ಸಂಬಂಧಿ. ಉಸಿರಿನ ಮೂಲಕ ಎಳೆದುಕೊಳ್ಳುವ ಅದರ ದ್ರವರೂಪಕ್ಕೆ ಅಮೆರಿಕದಲ್ಲಿ 1997ರಲ್ಲಿ ಮಂಜೂರಾತಿ ದೊರೆಯಿತು. 28 ದಿನ ಔಷಧ, 28 ದಿನ ಬಿಡುವು, ಇದು ಅದರ ಕ್ರಮ. ಔಷಧ ತಾಗಿದಾಗ ಮೊದಲು ಸಾಯುವವು ಅದಕ್ಕೆ ಬಗ್ಗುವ, ಬಯಲಿನಲ್ಲಿರುವ ಬ್ಯಾಕ್ಟೀರಿಯಾಗಳು. ಸ್ಯೂಡೋಮೋನಾಸ್ ಆದರೋ ತನ್ನ ಸುತ್ತ ಲೋಳೆಯ ಗೋಡೆ ಕಟ್ಟಿಕೊಂಡು ಗುಂಪಾಗಿ ಬದುಕುತ್ತದೆ. ಇದಕ್ಕೆ ಬಯೋಫಿಲ್ಮ್ ಎಂದು ಹೆಸರು. ಗೋಡೆಯ ಒಳಗೆ ಆಮ್ಲಜನಕ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾಗಳು ತೂಕಡಿಸುವವರಂತೆ ನಿಧಾನವಾಗಿ ಬೆಳೆಯುತ್ತವೆ. ಟೋಬ್ರಾಮೈಸಿನ್ ಬ್ಯಾಕ್ಟೀರಿಯಾದ ಒಳಹೊಗಲು ಆ ಬ್ಯಾಕ್ಟೀರಿಯಾವೇ ಆಮ್ಲಜನಕ ಬಳಸಿ ಚುರುಕಾಗಿರಬೇಕು. ತೂಕಡಿಸುವವು ಬದುಕುಳಿಯುತ್ತವೆ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಊರು ಬಹುಮಟ್ಟಿಗೆ ಹಳೆಯ ರೂಪಕ್ಕೇ ಮರಳುವುದನ್ನು ಸಂಶೋಧಕರು ಗಮನಿಸಿದ್ದಾರೆ.

ಹಾಗಾದರೆ ಏನೂ ಬದಲಾಗುವುದಿಲ್ಲವೇ? ಒಂದು ಸಲದ ಚಿಕಿತ್ಸೆಯಲ್ಲಿ ಕಾಣದ್ದು ವರ್ಷಗಳು ಉರುಳಿದಂತೆ ಕಾಣುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 6 ಮಂದಿ ರೋಗಿಗಳಿಂದ 8–9 ವರ್ಷಗಳ ಅವಧಿಯಲ್ಲಿ ಸಂಗ್ರಹಿಸಿದ್ದ 126 ಕಫದ ಮಾದರಿಗಳನ್ನು ಪರೀಕ್ಷಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗ ಸೌಮ್ಯವಾಗಿದ್ದವರಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ರೋಗ ಬಲಿಯುತ್ತ ಹೋದವರಲ್ಲಿ ಅದು ಕುಗ್ಗುತ್ತ ಬಂದಿತ್ತು. ಈ ಕುಗ್ಗುವಿಕೆಗೆ ವಯಸ್ಸಿಗಿಂತ, ಶ್ವಾಸಕೋಶದ ಶಕ್ತಿಗಿಂತ ಮುಖ್ಯ ಕಾರಣವಾಗಿ ಕಂಡದ್ದು ಆಂಟಿಬಯಾಟಿಕ್ ಬಳಕೆ. ರೋಗಿಗಳು ಆರೇ ಮಂದಿ ಎಂಬುದನ್ನು ಮರೆಯಬಾರದು. ಆದರೂ ರೈತರ ಮಕ್ಕಳಾದ ನಿಮಗೆ ಇದರ ಜಾಡು ತಿಳಿಯುತ್ತದೆ. ಹುಲ್ಲಿನ ಜಾತಿಯ ಕಳೆಗೆ ವರ್ಷವರ್ಷವೂ ಒಂದೇ ಔಷಧ ಹೊಡೆದರೆ ಗದ್ದೆ ಬರಿದಾಗುವುದಿಲ್ಲ. ಆ ಔಷಧಕ್ಕೆ ಬಗ್ಗದ ಬೇರೊಂದು ಕಳೆ ಗದ್ದೆಯನ್ನು ಆಳುತ್ತದೆ.

ಇದನ್ನು ಕೇಳಿ ಆಂಟಿಬಯಾಟಿಕ್ಕೇ ವೈರಿ ಎಂದು ಯಾರೂ ಭಾವಿಸಬಾರದು. 1938ರಲ್ಲಿ ಡೊರೊಥಿ ಆಂಡರ್ಸನ್ ಎಂಬ ವೈದ್ಯೆ ಈ ರೋಗವನ್ನು ವಿವರಿಸಿದ ಕಾಲದಲ್ಲಿ ಇಂತಹ ಬಹುಪಾಲು ಮಕ್ಕಳು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಕಣ್ಮುಚ್ಚುತ್ತಿದ್ದರು. ಇಂದು ಒಳ್ಳೆಯ ಚಿಕಿತ್ಸೆ ದೊರೆಯುವ ದೇಶಗಳಲ್ಲಿ ಅವರಲ್ಲಿ ಅನೇಕರು ನಡುವಯಸ್ಸು ತಲುಪುತ್ತಿದ್ದಾರೆ. ಅದರಲ್ಲಿ ಆಂಟಿಬಯಾಟಿಕ್‌ಗಳ ಪಾಲು ದೊಡ್ಡದು. ವೈದ್ಯರ ಕಷ್ಟ ಇರುವುದೇ ಇಲ್ಲಿ. ಕೊಡದಿದ್ದರೆ ಮಗು ಇಂದು ಉಳಿಯದು. ಕೊಟ್ಟರೆ ನಾಳೆಯ ಊರು ಬಗ್ಗದವರ ಊರಾಗುತ್ತದೆ. ಆದ್ದರಿಂದಲೇ ಸ್ಯೂಡೋಮೋನಾಸ್ ಮೊದಲು ಕಾಣಿಸಿದಾಗಲೇ, ಅದು ಗೋಡೆ ಕಟ್ಟುವ ಮೊದಲೇ, ಬಿಗಿಯಾಗಿ ಚಿಕಿತ್ಸೆ ಕೊಡುತ್ತಾರೆ. ಬೆನ್ನು, ಎದೆ ತಟ್ಟಿ ಕಫ ಇಳಿಸುತ್ತಾರೆ. 2012ರಿಂದೀಚೆಗೆ ಕೆಟ್ಟ ಪ್ರೋಟೀನನ್ನೇ ದುರಸ್ತಿ ಮಾಡುವ ಮಾತ್ರೆಗಳೂ ಬಂದಿವೆ, ಬೆಲೆ ಮಾತ್ರ ಬಹಳ ದುಬಾರಿ. ನಿಂತ ಕಾಲುವೆಗೆ ಮತ್ತೆ ನೀರು ಹರಿಸುವ ಕೆಲಸ ಅದು. ಆಗಲೂ ಹಳೆಯ ಬ್ಯಾಕ್ಟೀರಿಯಾಗಳು ಸಂಖ್ಯೆಯಲ್ಲಿ ಕುಗ್ಗುತ್ತವೆಯೇ ಹೊರತು ಅನೇಕರಲ್ಲಿ ಪೂರ್ತಿ ಹೋಗುವುದಿಲ್ಲ.

ಇದು ಬಿಳಿಯರ ರೋಗ, ನಮಗೇಕೆ ಎನ್ನುವಿರೇನು? ನಮ್ಮ ದೇಶದಲ್ಲಿಯೂ ಇದೆ. ಆದರೆ ಕ್ಷಯವೆಂದೋ, ಉಬ್ಬಸವೆಂದೋ, ಅಪೌಷ್ಟಿಕತೆಯೆಂದೋ ತಪ್ಪಾಗಿ ತಿಳಿಯುವುದುಂಟು. ತಂದೆ ತಾಯಿ ಇಬ್ಬರೂ ದೋಷದ ಜೀನಿನ ವಾಹಕರಾದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ನಮ್ಮ ಕಡೆ ರೂಢಿಯಲ್ಲಿರುವ ಸೋದರಮಾವ, ಅತ್ತೆ ಮಗನಂತಹ ರಕ್ತಸಂಬಂಧದ ಮದುವೆಗಳಲ್ಲಿ ಹಾಗಾಗುವ ಸಂಭವ ಹೆಚ್ಚು. ಮುದ್ದಿಟ್ಟಾಗ ಮಗುವಿನ ಮೈ ತೀರ ಉಪ್ಪುಪ್ಪಾಗಿದ್ದು, ಕೆಮ್ಮು ಬಿಡದೆ, ತೂಕ ಏರದಿದ್ದರೆ ಬೆವರಿನ ಉಪ್ಪಿನ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕೆಂದು ಮನೆಯವರಿಗೆ ತಿಳಿಸಿ.

ಇನ್ನೊಂದು ಮಾತು. ನೆಗಡಿಗೆ ಕಾರಣ ವೈರಸ್; ಅದಕ್ಕೆ ಆಂಟಿಬಯಾಟಿಕ್ ತಾಗುವುದೇ ಇಲ್ಲ. ಆದರೂ ಅಂಗಡಿಯಿಂದ ನಾಲ್ಕು ಮಾತ್ರೆ ತಂದು ನುಂಗಿದರೆ ನಿಮ್ಮ ಕರುಳಿನಲ್ಲಿ, ಗಂಟಲಿನಲ್ಲಿ ಇರುವ ನಿರಪರಾಧಿ ಬ್ಯಾಕ್ಟೀರಿಯಾಗಳ ಊರಿನಲ್ಲೂ ಇದೇ ಆಯ್ಕೆ ನಡೆಯುತ್ತದೆ. ಗದ್ದೆಯ ವಿಷಯವೂ ಬೇರೆಯಲ್ಲ. ಬೆಳೆಗಳಿಗೆ ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್ ಬಳಕೆಯನ್ನು ನಿಲ್ಲಿಸಲೆಂದು ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಕರಡು ಆದೇಶ ಹೊರಡಿಸಿದ್ದು ಈ ಭಯದಿಂದಲೇ.

ಸಿದ್ದಾಪುರದ ಆ ಹುಡುಗಿಗೆ ಅಂದು ಹೇಳಬೇಕಿದ್ದ ಉತ್ತರ ಇಷ್ಟೇ: "ಅವು ಎಲ್ಲಿಂದಲೋ ಬರಬೇಕಾಗಿಲ್ಲಮ್ಮ. ಕೆಲವು ಹೋಗಿಯೇ ಇರುವುದಿಲ್ಲ. ಔಷಧ ಎಲ್ಲರನ್ನೂ ಕೊಲ್ಲುವುದಿಲ್ಲ, ಯಾರು ಉಳಿಯಬೇಕೆಂದು ಆರಿಸುತ್ತದೆ." ಔಷಧ ಕೈಗೆತ್ತಿಕೊಳ್ಳುವಾಗಲೆಲ್ಲ ಈ ಮಾತು ನಿಮ್ಮ ನೆನಪಿನಲ್ಲಿರಲಿ.