ದೊಡ್ಡ ಗಾಲಿಗೆ ತಕ್ಕ ಜೀಪು



ಸಾಹಿತ್ಯ ಸಂಗೀತಗಳ ಉಪನ್ಯಾಸಕ್ಕೆ ಮೀಸಲಾದ ಈ ವೇದಿಕೆಯಲ್ಲಿ ಜೀಪಿನ ಸ್ಪ್ರಿಂಗು, ಟೈರುಗಳ ವಿಚಾರವಾಗಿ ಮಾತನಾಡಬೇಕೆಂದು ಪದಾಧಿಕಾರಿಗಳು ನಮ್ಮನ್ನು ಕೇಳಿದುದಕ್ಕೆ ಕಾರಣವಿದೆ. ಅಮೆರಿಕದಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಕೆಲವರಿಗೆ, ಲೈಸೆನ್ಸು ಕೈಸೇರುತ್ತಲೇ ಹಳೆಯ ಜೀಪ್ ರ‍್ಯಾಂಗ್ಲರ್ ಒಂದನ್ನು ಕೊಂಡು, ಅದನ್ನು ಎತ್ತರಿಸಿ, ದೊಡ್ಡ ಟೈರು ತೊಡಿಸಿ, ಯೂಟಾದ ಮೋಆಬ್ ಬಂಡೆಗಳ ಮೇಲೋ ಕ್ಯಾಲಿಫೋರ್ನಿಯದ ರೂಬಿಕಾನ್ ಹಾದಿಯಲ್ಲೋ ಓಡಿಸುವ ಹಂಬಲ. ತಂದೆತಾಯಿಗಳು ಬೇಡವೆನ್ನುತ್ತಾರೆ, ಮಕ್ಕಳು ಏಕೆ ಬೇಡವೆಂದು ಕೇಳುತ್ತಾರೆ. ಆ ಪ್ರಶ್ನೆಗೆ ಹಿರಿಯರೂ ಕಿರಿಯರೂ ಕೂಡಿ ಉತ್ತರ ಹುಡುಕಲು ಬೇಕಾಗುವಷ್ಟು ತಿಳಿವಳಿಕೆಯನ್ನು ನೀಡುವುದೇ ಇಂದಿನ ಉದ್ದೇಶ.

ದೊಡ್ಡ ಗಾಲಿ ಹೊಸ ಕಲ್ಪನೆಯೇನಲ್ಲ. ನಮ್ಮೂರಿನ ಎತ್ತಿನ ಗಾಡಿಯ ಗಾಲಿ ಎದೆಯೆತ್ತರ ಬೆಳೆದುದು ಅಲಂಕಾರಕ್ಕಲ್ಲ. ಗಾಲಿ ದೊಡ್ಡದಾದಷ್ಟೂ ಹಳ್ಳದಲ್ಲಿ ಇಳಿಯುವುದು ಕಡಿಮೆ. ಕಲ್ಲನ್ನು ಹತ್ತುವುದು ಸುಲಭ. ಅಚ್ಚು ನೆಲದಿಂದ ಮೇಲಿರುತ್ತದೆ. ಜೀಪಿಗೂ ಇದೇ ನ್ಯಾಯ.

1997ರಿಂದ 2006ರವರೆಗಿನ ಮಾದರಿ ವರ್ಷಗಳ, ಟಿಜೆ ಎಂದು ಕರೆಯಲ್ಪಡುವ ರ‍್ಯಾಂಗ್ಲರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಟೈರುಗಳಲ್ಲಿ 225/75 ಆರ್ 15 ಎಂಬುದೊಂದು ಅಳತೆ. ಲೆಕ್ಕ ಹಾಕಿದರೆ ವ್ಯಾಸ ಸುಮಾರು 28.3 ಇಂಚು. ಅದರ ಜಾಗದಲ್ಲಿ 33 ಇಂಚಿನ ಟೈರು ಹಾಕಿದರೆ ಅಚ್ಚು ಮೇಲೇರುವುದು ವ್ಯತ್ಯಾಸದ ಅರ್ಧದಷ್ಟು ಮಾತ್ರ, ಅಂದರೆ ಸುಮಾರು 2.35 ಇಂಚು. ಇಲ್ಲೊಂದು ಸೂಕ್ಷ್ಮವಿದೆ. ಉದ್ದನೆಯ ಸ್ಪ್ರಿಂಗು ಹಾಕಿ ಗಾಡಿಯನ್ನು ನಾಲ್ಕು ಇಂಚು ಎತ್ತರಿಸಿದರೂ ಮೇಲೇರುವುದು ಚಾಸಿ ಮತ್ತು ಮೈ ಮಾತ್ರ. ಅಚ್ಚೂ ಅದರ ನಡುವಿನ ಡಿಫರೆನ್ಷಿಯಲ್ ಗುಂಡೂ ಇದ್ದಲ್ಲೇ ಇರುತ್ತವೆ. ಅವುಗಳನ್ನು ಎತ್ತಬಲ್ಲುದು ಟೈರೊಂದೇ. ಆದಕಾರಣ ದೊಡ್ಡ ಟೈರಿಗೆ ಮಡ್‌ಗಾರ್ಡಿನ ಕೆಳಗೆ ಎಡೆಮಾಡಿಕೊಡುವುದೇ ಸಸ್ಪೆನ್ಷನ್ ಎತ್ತರಿಸುವುದರ ಮುಖ್ಯ ಪ್ರಯೋಜನವೆಂದು ತಿಳಿಯತಕ್ಕದ್ದು. ಈ ಜೀಪಿನಲ್ಲಿ 31 ಇಂಚಿನ ಟೈರಿಗೆ ಸುಮಾರು ಎರಡು ಇಂಚು, 33ಕ್ಕೆ ಸುಮಾರು ನಾಲ್ಕು ಇಂಚು ಎತ್ತರಿಸುವುದು ವಾಡಿಕೆ.

ಇನ್ನು, ಸ್ಪ್ರಿಂಗನ್ನು ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹಿಂದೆ ಮುಂದೆ ಎರಡೂ ಅಚ್ಚುಗಳನ್ನು ಹಲವು ತೋಳುಗಳು ಚಾಸಿಗೆ ಬಂಧಿಸಿರುತ್ತವೆ. ಚಾಸಿ ಮೇಲೇರಿದಾಗ ಆ ತೋಳುಗಳ ಕೋನವೆಲ್ಲ ಬದಲಾಗುತ್ತದೆ. ಅಚ್ಚನ್ನು ಅಡ್ಡಲಾಗಿ ಹಿಡಿದಿರುವ ಟ್ರ್ಯಾಕ್ ಬಾರ್ ಅಚ್ಚನ್ನು ಒಂದು ಮಗ್ಗುಲಿಗೆ ಎಳೆಯುತ್ತದೆ. ಹೊಂದಿಸಬಹುದಾದ ಬಾರ್ ಹಾಕಿ ಅದನ್ನು ನಡುವಿಗೆ ತರಬೇಕು. ಮುಂದಿನ ಚಕ್ರ ತಿರುಗುವ ಕೀಲು, ಸೈಕಲ್ಲಿನ ಮುಂದಿನ ಕವೆಯಂತೆ, ಸ್ವಲ್ಪ ಹಿಂದಕ್ಕೆ ಓರೆಯಾಗಿರುತ್ತದೆ. ಕ್ಯಾಸ್ಟರ್ ಎಂಬ ಈ ಓರೆ ಕಡಿಮೆಯಾದರೆ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೆಟ್ಟಗಾಗುವುದಿಲ್ಲ. ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಟ್ರ್ಯಾಕ್ ಬಾರಿನ ಕೀಲು, ಬುಷ್ಷುಗಳು ಸವೆದಿದ್ದರಂತೂ ಒಂದು ಗುಂಡಿಯ ಏಟಿಗೆ ಮುಂದಿನ ಚಕ್ರಗಳೆರಡೂ ಭೀಕರವಾಗಿ ಅದುರತೊಡಗುವುದುಂಟು. ಜೀಪಿನವರು ಇದನ್ನು ‘ಡೆತ್ ವಾಬಲ್’ ಎನ್ನುತ್ತಾರೆ. ಹಾಗಾದಾಗ ಗಾಬರಿಗೊಳ್ಳದೆ ಸ್ಟೀರಿಂಗನ್ನು ಹಿಡಿದುಕೊಂಡು ವೇಗವನ್ನು ಇಳಿಸುವುದೇ ಉಪಾಯ.

ಬ್ರೇಕಿನ ರಬ್ಬರ್ ನಳಿಕೆ ಸಾಕಷ್ಟು ಉದ್ದವಿಲ್ಲದಿದ್ದರೆ ಅಚ್ಚು ಪೂರ್ತಿ ಕೆಳಗಿಳಿದಾಗ ಬಿಗಿದು ಹರಿಯಬಹುದು. ಶಾಕ್ ಅಬ್ಸಾರ್ಬರುಗಳು ಹೊಸ ಎತ್ತರಕ್ಕೆ ತಕ್ಕ ಉದ್ದದವಾಗಿರಬೇಕು. ಟೈರು ಮೇಲೇರಿ ಮಡ್‌ಗಾರ್ಡಿಗೆ ತಾಗದಂತೆ ತಡೆಯುವ ರಬ್ಬರ್ ಗಟ್ಟಿಗಳನ್ನೂ ಎತ್ತರಿಸಬೇಕು. ಟಿಜೆಯ ಹಿಂದಿನ ಪ್ರೊಪೆಲರ್ ಶಾಫ್ಟ್ ಬಹಳ ಗಿಡ್ಡ. ನಾಲ್ಕು ಇಂಚು ಎತ್ತರಿಸಿದಾಗ ಅದರ ಓರೆ ಹೆಚ್ಚಿ ಅದುರುವುದು ಸಾಮಾನ್ಯ. ಆಗ ಜೋಡಿ ಕೀಲಿನ ಶಾಫ್ಟ್ ಬೇಕಾಗುತ್ತದೆ, ಖರ್ಚು ಬೆಳೆಯುತ್ತದೆ. ಈ ಜೀಪುಗಳಲ್ಲಿ ಅನೇಕವಕ್ಕೆ ಇರುವ ಡಾನಾ 35 ಎಂಬ ಹಿಂದಿನ ಆಕ್ಸಲ್ ದೊಡ್ಡ ಟೈರಿನ ಭಾರಕ್ಕೆ ದುರ್ಬಲವೆಂದೇ ಹೆಸರಾಗಿದೆ.

ತಂದೆತಾಯಿಗಳು ಗಮನಿಸಬೇಕಾದ ಲೆಕ್ಕಗಳು ಮೂರಿವೆ. ಮೊದಲನೆಯದು ವೇಗ. 33 ಇಂಚಿನ ಟೈರಿಗೆ ಸ್ಪೀಡೋಮೀಟರನ್ನು ಹೊಂದಿಸದಿದ್ದರೆ, ಮುಳ್ಳು 60 ಮೈಲಿ ತೋರಿಸುವಾಗ ಗಾಡಿ ಸುಮಾರು 70ರಲ್ಲಿ ಓಡುತ್ತಿರುತ್ತದೆ. ಎರಡನೆಯದು ಬ್ರೇಕು. ತಿರುಚುಬಲ ಅಷ್ಟೇ ಇದ್ದು ಗಾಲಿ ದೊಡ್ಡದಾದರೆ, ನೆಲದ ಮೇಲೆ ದೊರೆಯುವ ತಡೆ ಶೇಕಡ 14ರಷ್ಟು ಕುಗ್ಗುತ್ತದೆ. ಅಷ್ಟು ಬಲ ಬರಲು ಪೆಡಲನ್ನು ಇನ್ನೂ ಗಟ್ಟಿಯಾಗಿ ಒತ್ತಬೇಕು. ಟೈರಿನ ತೂಕವೂ ಹೆಚ್ಚಿರುತ್ತದೆ. ಇದೇ ಕಾರಣದಿಂದ ಎಂಜಿನ್ನೂ ತಿಣುಕುತ್ತದೆ, ಮೊದಲಿದ್ದ 3.73ರ ಗೇರಿಗೆ ಸಮವಾಗಲು ಸುಮಾರು 4.35 ಬೇಕಾಗುವುದರಿಂದ 4.56ರ ಗೇರನ್ನು ಕೂಡಿಸುವುದುಂಟು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಗುರುತ್ವಕೇಂದ್ರ ಮೇಲೇರಿ, ಗಾಡಿ ಮಗುಚುವ ಅಪಾಯ ಹೆಚ್ಚುತ್ತದೆ. ಬಂಡೆಗಳ ನಡುವೆ ಗಂಟೆಗೆ ಮೂರು ಮೈಲಿಯಲ್ಲಿ ತೆವಳುವಾಗ ಸಹಾಯಕವಾದ ಎತ್ತರವೇ, ಹೆದ್ದಾರಿಯಲ್ಲಿ ಅಡ್ಡಬಂದ ಜಿಂಕೆಯನ್ನು ತಪ್ಪಿಸಲು ಸ್ಟೀರಿಂಗನ್ನು ಥಟ್ಟನೆ ತಿರುಗಿಸಿದಾಗ ಮುಳುವಾಗಬಹುದು. ಮಗ ವಾರಾಂತ್ಯಕ್ಕೆ ಬಂಡೆ ಹತ್ತಿದರೂ, ವಾರವೆಲ್ಲ ತಂಗಿಯನ್ನು ಕೂರಿಸಿಕೊಂಡು ಶಾಲೆಗೆ ಹೋಗುವುದು ಅದೇ ಗಾಡಿಯಲ್ಲಿ ಎಂಬುದನ್ನು ಮರೆಯಬಾರದು.

ಹಾಗೆಂದು ಈ ಹವ್ಯಾಸವನ್ನು ನಾವು ಹಳಿಯುವುದಿಲ್ಲ. ತಯಾರಕರೇ 2003ರ ಮಾದರಿಯಾಗಿ ಸುಮಾರು 31 ಇಂಚಿನ ಟೈರು, ಬಲವಾದ ಡಾನಾ 44 ಆಕ್ಸಲುಗಳೊಂದಿಗೆ ರ‍್ಯಾಂಗ್ಲರ್ ರೂಬಿಕಾನ್ ಹೊರತಂದರು. 2021ರಲ್ಲಿ ಕಾರ್ಖಾನೆಯಿಂದಲೇ 35 ಇಂಚಿನ ಟೈರು ಸಿಗುವಂತಾಯಿತು. ಇಡೀ ಗಾಡಿಯನ್ನು ಅದಕ್ಕೆ ತಕ್ಕಂತೆ ಅಣಿಗೊಳಿಸಿದರೆ ದೊಡ್ಡ ಟೈರು ಒಪ್ಪುತ್ತದೆ.

ಆದುದರಿಂದ ನಮ್ಮ ಸಲಹೆ ಇಷ್ಟು. ಮೊದಲು ಇರುವ ಟೈರಿನ ಗಾಳಿಯನ್ನೇ ಕಾಡುದಾರಿಯಲ್ಲಿ ಇಳಿಸಿ ಓಡಿಸಿ ನೋಡಲಿ. ಹಿಡಿತ ಎಷ್ಟು ಹೆಚ್ಚುವುದೆಂಬುದು ಖರ್ಚಿಲ್ಲದೆ ತಿಳಿಯುತ್ತದೆ. ಡಾಂಬರು ರಸ್ತೆಗೆ ಬರುವ ಮುನ್ನ ಮತ್ತೆ ಗಾಳಿ ತುಂಬಿಸಬೇಕು. ಅದು ಸಾಲದೆಂದರೆ 31 ಇಂಚು, ಎರಡು ಇಂಚಿನ ಏರಿಕೆಗೆ ತೃಪ್ತರಾಗಲಿ. ಅದಕ್ಕೂ ಮೇಲೆ ಹೋಗುವುದಾದರೆ ಮೊದಲು ಬ್ರೇಕು, ಸ್ಟೀರಿಂಗು, ಗೇರುಗಳಿಗೆ ಹಣ ಎತ್ತಿಟ್ಟು, ಕೊನೆಗೆ ಟೈರು ಕೊಳ್ಳಲಿ. ಎತ್ತರದ ಮಿತಿ ರಾಜ್ಯರಾಜ್ಯಕ್ಕೂ ಬೇರೆ. ತಮ್ಮ ರಾಜ್ಯದ ಕಾನೂನನ್ನೂ ವಿಮೆಯ ಕರಾರನ್ನೂ ಓದಿಕೊಳ್ಳುವುದು ಕಡ್ಡಾಯ. ಕೆಲಸ ಮುಗಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸದೆ ಹೆದ್ದಾರಿ ಹತ್ತಬಾರದು.

ಗ್ಯಾರೇಜಿನಲ್ಲಿ ಮಗನೋ ಮಗಳೋ ಸ್ಪ್ಯಾನರ್ ಹಿಡಿದು ಕೂತಾಗ ತಂದೆತಾಯಿಗಳೂ ಹತ್ತಿರ ಹೋಗಿ ಒಂದು ಬೋಲ್ಟನ್ನಾದರೂ ಬಿಗಿಯುವುದು ಒಳಿತು. ಬೇಡವೆಂದು ಹೇಳಬೇಕಾದ ಹೊತ್ತಿನಲ್ಲಿ ಆ ಮಾತಿಗೆ ಆಗ ಬೆಲೆ ಬರುತ್ತದೆ.